ಹಿತ್ತಲ ದೀಪಕ್ಕೆ ಅತ್ತೆಯ ಒಪ್ಪಿಗೆ

ನಮ್ಮ ಹಿತ್ತಲ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಯಾರೋ ಕಳ್ಳರು ಒಲೆ ಒಡೆದು ಕಿತ್ತುಕೊಂಡು ಹೋದರು. ಹಂಡೆ ಹೋದದ್ದಕ್ಕೆ ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುತ್ತಿದ್ದವಳು ನಾನೇ. ಆದರೆ ಅದರ ಜೊತೆಗೆ ಅತ್ತೆಯ ಧೈರ್ಯವೂ ಹೋಯಿತು. ಮದುವೆಯಾಗಿ ಬಂದಾಗಿನಿಂದ ಬೆಳಗಿನ ಜಾವ ಒಬ್ಬರೇ ಹಿತ್ತಲ ಕೊಟ್ಟಿಗೆಗೆ ಹೋಗಿ ಹಾಲು ಕರೆಯುತ್ತಿದ್ದವರು, ಈಗ ನನ್ನನ್ನು ಎಬ್ಬಿಸಿ, ಕೈಗೆ ಟಾರ್ಚ್ ಕೊಟ್ಟು, ನನ್ನ ತೋಳು ಹಿಡಿದುಕೊಂಡು ಹೋಗತೊಡಗಿದರು. ಕೊನೆಗೊಂದು ದಿನ, "ಹಸ ಮಾರ್ಬುಡಿ ಕಣವ್ವಾ. ನಾನು ಅರಕಲಗೂಡ್ಗೋಗಿ ಮಗಳ ಮನೇಲಿ ಇದ್ಬುಡ್ತೀನಿ" ಅಂದರು. ಜಗಳವಾಡುತ್ತಲೇ ಒಬ್ಬರಿಗೊಬ್ಬರು ಒಗ್ಗಿಹೋದವರು ನಾವು. ಅವರಿಲ್ಲದ ಮನೆ ನನಗೆ ಬೇಡವಾಗಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾವು ಅದನ್ನೂ ಸರಿಯಾಗಿ ಹಾಕಲಿಲ್ಲ. ನನ್ನ ಗಂಡ ಹಾಸನದಿಂದ ದೊಡ್ಡದೊಂದು ಫೋಕಸ್ ಲೈಟ್ ತಂದು ತಲೆಬಾಗಿಲ ಮೇಲೆ ಹಾಕಿಸಿದರು. ಹೊಳೆನರಸೀಪುರದ ಬಸ್ಸಿಳಿದು ಬರುವವರೆಲ್ಲ ನಮ್ಮ ಮನೆ ಮುಂದೆ ಕಣ್ಣಿಗೆ ಕೈ ಅಡ್ಡ ಹಿಡಿದು ನಡೆಯುವಂತಾಯಿತು. ಹಿತ್ತಲು ಮಾತ್ರ ಮೊದಲಿಗಿಂತ ಕಪ್ಪಾಗಿ ಕಂಡಿತು. ಕಳ್ಳ ಬಂದದ್ದು ಹಿತ್ತಲಿಂದ, ನಾವು ಬೆಳಕು ಹಾಕಿದ್ದು ಮುಂಬಾಗಿಲಿಗೆ!

ಯಾಕೆಂದರೆ ನಮ್ಮ ಮನೆಯಲ್ಲಿ ದೀಪ ಅಂದರೆ ಮುಂಬಾಗಿಲೇ. ಮುಸ್ಸಂಜೆಗೆ ಹಿತ್ತಲ ಬಾಗಿಲು ಹಾಕಿದ ಮೇಲೆಯೇ ಅತ್ತೆ ದೇವರ ದೀಪ ಹಚ್ಚುವುದು. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದಿನ ಬಾಗಿಲು ತೆರೆದಿದ್ದರೆ ಹೊರಟುಹೋಗುತ್ತಾಳೆ. ಹಿತ್ತಲಿಗೂ ಒಂದು ಬಲ್ಬು ಬೇಕು ಅಂತ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಹೈಸ್ಕೂಲು ಮಕ್ಕಳಿಗೆ ಬೆಳಕಿನ ಪಾಠ ಮಾಡುವ ನನಗೂ ಹೊಳೆದಿರಲಿಲ್ಲ, ನಾಚಿಕೆಗೇಡು.

ಮುಂದಿನ ಭಾನುವಾರ ಸಂಜೆ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಹಿತ್ತಲ ನಡುವೆ ಕಂಬ ನೆಟ್ಟು ಇನ್ನೊಂದು ಫೋಕಸ್ ಹಾಕೋಣ ಅಂದ. ನಾನು ಬೇಡವೆಂದು ಅತ್ತೆಯ ಕಡೆ ತಿರುಗಿದೆ. "ಅತ್ತೆ, ನಿಮಗೆ ಎಲ್ಲೆಲ್ಲಿ ಭಯ ಆಗುತ್ತೋ ತೋರ್ಸಿ."

"ನಂಗೇನ್ ಭಯ?" ಅಂದರು. ಆದರೂ ಒಳಗೆ ಹೋಗಿ ರಂಗೋಲಿ ಬಟ್ಟಲು ತಂದರು. ನೀರಿನ ತೊಟ್ಟಿಯ ಮೂಲೆ, ಹುಲ್ಲಿನ ಮೆದೆಯ ಹಿಂದೆ, ಬಚ್ಚಲುಮನೆಯ ಬಾಗಿಲು, ಮೂರು ಕಡೆ ಒಂದೊಂದು ಚಿಟಿಕೆ ಪುಡಿ ಉದುರಿಸಿದರು. ಅಲ್ಲಲ್ಲಿಗೇ ನೆಲ ನೋಡುವಂತೆ ಸಣ್ಣ ಸೆನ್ಸರ್ ಲೈಟು ಸಾಕು ಅಂತ ನಾನು ಹೇಳಿದೆ.

"ಯಾರಾರ ಅಲುಗಾಡುದ್ರೆ ತಾನೇ ಅತ್ಕೋತದೆ ಕಣವ್ವಾ, ಇಲ್ದಿದ್ರೆ ಆರೋಯ್ತದೆ" ಎಂದು ಎಲೆಕ್ಟ್ರಿಷಿಯನ್ ಅತ್ತೆಗೆ ವಿವರಿಸಿದ.

ಅತ್ತೆಯ ಮುಖ ಗಂಟಿಕ್ಕಿತು. "ಇತ್ಲಲ್ಲಿ ದೀಪ ಇಟ್ರೆ ಲಕ್ಷ್ಮಿಗೆ ಓಗೋ ದಾರಿ ತೋರ್ಸ್ದಂಗೆ."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅವನನ್ನು ಕೇಳಿದರು, "ಯಾರ್ ಅಲುಗಾಡುದ್ರೂ ಅತ್ಕೋತದಾ?"

"ಬೆಕ್ಕು ಬಂದ್ರೂವೆ."

"ಅಂಗಾರೆ ಆಕು. ಲಕ್ಷ್ಮಿ ಎದ್ದು ಒಂಟ್ರೂ ಗೊತ್ತಾಯ್ತದೆ. ಕೈ ಇಡ್ಕಂಡು ಒಳಕ್ಕೆ ಕರ್ಕಬೌದು."

ಮೊದಲ ಎರಡು ದಿನ ಹಸು ಬಾಲ ಬೀಸಿದಾಗೆಲ್ಲ ದೀಪ ಹೊತ್ತಿ, ಅತ್ತೆ ಕಿಟಕಿಗೆ ಓಡಿ, ನಮಗ್ಯಾರಿಗೂ ನೆಮ್ಮದಿಯಿರಲಿಲ್ಲ. ಒಂದು ಲೈಟನ್ನು ಕೊಟ್ಟಿಗೆಯಿಂದ ಆಚೆಗೆ ತಿರುಗಿಸಿದ ಮೇಲೆ ಸರಿಹೋಯಿತು.

ಮರುವಾರ ತಾಯಿಯನ್ನು ಕರೆದೊಯ್ಯಲು ನಾದಿನಿ ಅರಕಲಗೂಡಿನಿಂದ ಬರುವವಳಿದ್ದಳು. ಅವತ್ತು ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ಗಾಬರಿಯಿಂದ ಅಡುಗೆಮನೆಗೆ ಓಡಿದರೆ ಹಾಲು ಕರೆದು, ಕಾಯಿಸಿ, ಮುಚ್ಚಿಟ್ಟಾಗಿತ್ತು.

ಹತ್ತು ಗಂಟೆಗೆ ನಾದಿನಿ ಬಂದವಳೇ, "ಬಟ್ಟೆ ಜೋಡಿಸ್ಕಂಡ್ಯೇನವ್ವಾ?" ಅಂದಳು.

"ನಾನ್ಯಾಕ್ ಬರ್ಲಿ?" ಅಂದರು ಅತ್ತೆ. "ಹಸ ಯಾರ್ ಕರೀತಾರೆ? ಇವಳ್ಗೆ ಒತ್ತಾರೆ ಎದ್ದೇಳಾಕೇ ಆಗಲ್ಲ."

ಒಂದು ತಿಂಗಳು ದಿನಾ ನಾಲ್ಕೂವರೆಗೆ ಎದ್ದು ಟಾರ್ಚ್ ಹಿಡಿದವಳು ನಾನು. ಬೇರೆ ದಿನವಾಗಿದ್ದರೆ ಮನೆ ರಣರಂಗವಾಗುತ್ತಿತ್ತು. ಅವತ್ತು ಮಾತ್ರ, "ಹೌದು ಕಣೇ, ನನಗೆ ಏಳೋಕಾಗಲ್ಲ" ಅಂತ ನಾದಿನಿಗೆ ಹೇಳಿ, ಕಣ್ಣೊರೆಸಿಕೊಳ್ಳುತ್ತಾ ಮೂವರಿಗೂ ಕಾಫಿಗಿಟ್ಟೆ.