ಹೊಗೆಕೊಳವೆಯ ಗೂಡು

ಬತ್ತೇರಿ ಬಳಿಯ ಕಾಫಿ ತೋಟದ ದೊರೆ ಊಟಿಗೆ ಹೋಗುವಾಗ ತಮ್ಮ ಮೋಟಾರ್ ಸೈಕಲ್ಲನ್ನು ಗುಮಾಸ್ತನಾದ ನನ್ನ ಮನೆಯಲ್ಲಿ ಬಿಟ್ಟಿದ್ದರು. ಅವರು ಮರಳುವ ಹಿಂದಿನ ದಿನ ಅದು ಸ್ಟಾರ್ಟ್ ಆಗಲಿಲ್ಲ. ಪ್ಲಗ್ಗು ಬಿಚ್ಚಿ ಉಜ್ಜಿದೆ, ಪೆಟ್ರೋಲ್ ಬದಲಿಸಿದೆ, ಕೆಲಸ ಹೋದಂತೆ ಮೂರು ಸಲ ಕಲ್ಪಿಸಿಕೊಂಡೆ. ಕೊನೆಗೆ ನೋಡಿದರೆ ಹೊಗೆಕೊಳವೆಯೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ತಂತಿ ಹಿಡಿದು ಬಗ್ಗಿದೆ.

“ಕುತ್ತಬೇಡ ಮಗಾ, ಒಳಗೆ ಮರಿ ಉಂಟು,” ಎಂದರು ಅಮ್ಮ. ನಾವು ಜೈನರು, ದೀಪಕ್ಕೆ ಹುಳ ಬೀಳುತ್ತದೆಂದು ಬೆಳಕಿರುವಾಗಲೇ ಉಣ್ಣುವವರು.

“ದೊರೆಗೆ ಏನು ಹೇಳಲಿ?”

“ಅವು ಹಾರುವ ತನಕ ನಡೀಲಿ. ಅವನಿಗೂ ಕಾಲುಂಟಲ್ಲ.”

ಬೆಳಿಗ್ಗೆ ಗಾಡಿಯನ್ನು ಬಂಗಲೆಯ ಏರಿನಲ್ಲಿ ತಳ್ಳಿದೆ. ಗೂಡಿನ ಸಂಗತಿ ಕೇಳಿದ ದೊರೆ ಕೊಳವೆಗೆ ಕೋಲು ತುರುಕಿ ಕಿಕ್ಕರ್ ಒದ್ದರು, ಗಾಡಿ ಗುಡುಗಿತು. ಕೆಲಸ ಉಳಿಯಿತು. ಆ ಮರಿಗಳನ್ನು ಕೊಲ್ಲುವವರ ಬಾಗಿಲಿಗೆ ಬೆವರು ಸುರಿಸಿ ತಳ್ಳಿಕೊಂಡು ಹೋದವನು ನಾನೇ ಎಂದು ಅಮ್ಮನಿಗೆ ಈವರೆಗೂ ಹೇಳಿಲ್ಲ.