ದೊಡ್ಡಮ್ಮನ ಮೊದಲ ಗೋಧಿ

ನಮ್ಮ ಗೆಡ್ಡೆ ದೊಡ್ಡಮ್ಮನಿಗೆ ಅವಸರ ಅನ್ನೋದೇ ಗೊತ್ತಿರಲಿಲ್ಲ. ಗುಡ್ಡದ ಮೇಲಿದ್ದಾಗ ಒಲೆ ಮೇಲೆ ನೀರಿಟ್ಟು, ಆಮೇಲೆ ಗುದ್ದಲಿ ಹಿಡಿದು ಹೊರಡೋಳು. ಎರಡು ಗೆಡ್ಡೆ ಅಗೆದು ತಂದರೆ ಆವತ್ತಿಗೆ ಸಾಕು, ಮಿಕ್ಕಿದ್ದು ಮಣ್ಣೊಳಗೇ ಹಾಯಾಗಿರೋದು. ಒಂದ್ಸಲ ದೊರೆಯ ಆಳುಗಳು ಪಾಲು ಕೇಳಿಕೊಂಡು ಮೇಲೆ ಹತ್ತಿ ಬಂದರಂತೆ. "ಅದಕ್ಕೇನಪ್ಪ, ಅಗೆದುಕೊಳ್ಳಿ," ಅಂದಳಂತೆ. ಪಾಪ, ಮಧ್ಯಾಹ್ನದವರೆಗೆ ಅಗೆದು, ಅಂಗೈಯೆಲ್ಲ ಬೊಕ್ಕೆ ಎದ್ದು, ಹಲ್ಲು ಕಡಿಯುತ್ತಾ ಇಳಿದುಹೋದರು.

ಮರುವರ್ಷ ಗುಡ್ಡಕ್ಕೇ ಬೆಂಕಿ ಇಟ್ಟರು. ಎಲ್ಲರನ್ನೂ ಹೊಳೆದಂಡೆಗೆ ಇಳಿಸಿ ಕೈಗೆ ಗೋಧಿ ಬೀಜ ಕೊಟ್ಟರು. ತಪ್ಪಿಸಿಕೊಂಡು ಹೋಗೋದಾದರೂ ಎಲ್ಲಿಗೆ? ಹೊಳೆ ನೀರು ಹಾಯೋಷ್ಟು ದೂರ ಹಸಿರು, ಅದರಾಚೆ ಬರೀ ಮರಳು. ನಮ್ಮಮ್ಮನನ್ನು ಮೊದಲೇ ಈ ದಂಡೆಗೆ ಮದುವೆ ಮಾಡಿಕೊಟ್ಟಿದ್ದರಿಂದ ದೊಡ್ಡಮ್ಮ ನಮ್ಮ ಪಕ್ಕದ ಹೊಲಕ್ಕೇ ಬಂದಳು. ಗಂಡ ಸತ್ತವಳು, ಇದ್ದೊಬ್ಬ ಮಗನ ಮೇಲೇ ಜೀವ ಇಟ್ಟುಕೊಂಡಿದ್ದಳು.

ಗೋಧಿ ಹಣ್ಣಾಯಿತು. ಊರಿಗೆ ಊರೇ ಕುಡುಗೋಲು ಹಿಡಿದು ಒದ್ದಾಡುತ್ತಿದ್ದರೆ ಈ ಮಹಾತಾಯಿ ಸಂಜೆಗೊಮ್ಮೆ ಬಂದು, ಆವತ್ತಿನ ಊಟಕ್ಕಾಗೋಷ್ಟೇ ತೆನೆ ಮುರಿದುಕೊಂಡು ಹೋಗೋಳು!

"ದೊಡ್ಡಮ್ಮಾ, ಎಲ್ಲಾ ಒಟ್ಟಿಗೆ ಕೊಯ್ಯಬೇಕು. ಉದುರಿಹೋಗತ್ತೆ," ಅಂದೆ.

"ಅದೇನು ಕಾಲು ಬಂದು ಓಡಿಹೋಗತ್ತೇನೇ? ಹೊಲದಲ್ಲಿದ್ದರೆ ಕೆಡಲ್ಲ ಕಣೇ."

ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಅಷ್ಟರಲ್ಲಿ ದೊರೆಯ ಅಳತೆಯವನು ಬಂದ. ಬದುವಿನ ಮೇಲೆ ನಿಂತು, ಪೈರನ್ನು ಕಣ್ಣಲ್ಲೇ ಅಳೆದು, ಪಾಲು ಇಷ್ಟು ಅಂತ ಗೊತ್ತುಮಾಡಿ ಹೋದ. ಅವನ ಹಿಂದೆಯೇ ಬಿರುಗಾಳಿ ಎದ್ದಿತು. ಕಾಳೆಲ್ಲ ಉದುರಿ ಹಕ್ಕಿ, ಇಲಿ, ಇರುವೆಗಳ ಪಾಲಾಯಿತು. ಪಾಲು ಅಳೆಯೋ ದಿನ ದೊರೆಯ ಕಣಜದ ಅಂಗಳಕ್ಕೆ ದೊಡ್ಡಮ್ಮ ಒಂದೇ ಒಂದು ಬುಟ್ಟಿ ಹೊತ್ತು ತಂದಳು.

"ಮಿಕ್ಕಿದ್ದೆಲ್ಲಿ?" ಅಂದ ಅಳತೆಯವನು.

"ನೆಲದಲ್ಲಿದೆಯಪ್ಪ," ಅಂದಳು.

ಅಯ್ಯೋ, ಎಂಥ ಮಾತು ಬಾಯಿಗೆ ಬಂತು! ಉದುರಿ ಬಿತ್ತು ಅನ್ನಬಾರದಿತ್ತೇ? ಗುಡ್ಡದವರು ನೆಲದೊಳಗೆ ಬಚ್ಚಿಡೋರು ಅಂತ ಅವನ ತಲೆಯಲ್ಲಿ ಮೊದಲೇ ಕೂತಿತ್ತು. ಹೊಲ ಅಗೆಸಿದ, ಒಲೆ ಕೀಳಿಸಿದ, ಅವಳು ಮಲಗೋ ಜಾಗವನ್ನೂ ಬಿಡಲಿಲ್ಲ. ಏನೂ ಸಿಗದಿದ್ದಕ್ಕೆ ಇನ್ನಷ್ಟು ಉರಿದುಬಿದ್ದ.

"ಕದ್ದಿದ್ದು ಹೌದೋ ಅಲ್ಲವೋ ತಿಳಿಯೋವರೆಗೂ ಇವನು ಕೋಟೆ ಕಟ್ಟೋ ಕೆಲಸಕ್ಕಿರಲಿ," ಅಂತ ಅವಳ ಮಗನ ಕೈ ಕಟ್ಟಿಸಿ ಎಳೆದುಕೊಂಡು ಹೋದ.

ಮರುವರ್ಷ ಎಲ್ಲರಿಗಿಂತ ಮೊದಲು ಕುಡುಗೋಲು ಹಿಡಿದವಳು ದೊಡ್ಡಮ್ಮ. ಒಂದು ಕಾಳು ಬಿಡದೆ ಬಳಿದಳು. ತಾನು ಅರೆಹೊಟ್ಟೆ ಇದ್ದು, ಆ ವರ್ಷದ ಪಾಲನ್ನೂ ಹೋದ ವರ್ಷದ ಬಾಕಿಯನ್ನೂ ಸೇರಿಸಿ ಕಣಜಕ್ಕೆ ಹೊತ್ತಳು. ಚೀಲ ಹೊರೋದಕ್ಕೆ ನಾನೂ ಜೊತೆಗಿದ್ದೆ. ಮಗ ಬರ್ತಾನೆ, ಮಗ ಬರ್ತಾನೆ ಅಂತ ದಾರಿಯುದ್ದಕ್ಕೂ ನನ್ನ ತಲೆ ತಿಂದಳು.

ಅಳತೆಯವನು ಅಳೆದ. ಮತ್ತೊಮ್ಮೆ ಅಳೆದ. ಒಂದು ಹಿಡಿಯೂ ಕಡಿಮೆ ಇರಲಿಲ್ಲ.

"ನನ್ನ ಮಗನ್ನ ಕೊಡಪ್ಪಾ," ಅಂದಳು.

"ಹೋದ ವರ್ಷದ ಕಾಳು ಇಷ್ಟು ದಿನ ಎಲ್ಲಿತ್ತಮ್ಮ?" ಅಂತ ತಣ್ಣಗೆ ಕೇಳಿದ. "ಕದ್ದಿದ್ದು ಹೌದು ಅಂತ ಈಗ ತಿಳೀತಲ್ಲ. ಮಗ ಅಲ್ಲೇ ಇರಲಿ."

ಇದೆಲ್ಲ ಈ ವರ್ಷ ಬೆಳೆದಿದ್ದೇ, ಇವನ ಹುಟ್ಟಡಗ ಅಂತ ನಾನು ಕಿರುಚಾಡಿದೆ. ಯಾರು ಕೇಳಬೇಕು? ಆಳುಗಳು ಅವಳ ಗೋಧಿಯನ್ನು ಕಣಜಕ್ಕೆ ಸುರಿದು, ಖಾಲಿ ಚೀಲಗಳನ್ನು ಮಡಿಸಿ ಅವಳ ಕೈಗೆ ಕೊಟ್ಟು, ಹಿಂದೆ ನಿಂತವರಿಗೆ ಮುಂದೆ ಬನ್ನಿ ಅಂದರು.