ತೊಳೆಯಬಾರದ ಧೂಳು

ಇಲ್ಲಿ ನನ್ನ ಕೆಲಸ ಧೂಳನ್ನು ಒರೆಸದೆ ಇರುವುದು. ಅದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದರೆ ಕಾಪುವಿನಲ್ಲಿರುವ ಅಮ್ಮ ನಂಬುವುದಿಲ್ಲ. ಅಲ್ಲಿ ಕಿಟಕಿಗೆ ಕಡಲ ಉಪ್ಪು ಅಂಟಿದರೆ ಸಾಕು, ಅವಳ ಕೈಯಲ್ಲಿ ಒದ್ದೆ ಬಟ್ಟೆ ಸಿದ್ಧ.

ದುಬೈಯ ಅಲ್ ಕೂಜ್‌ನಲ್ಲಿ ಗೋದಾಮೊಂದರ ತಾರಸಿಯ ಮೇಲೆ ನಮ್ಮ ಸೌರಫಲಕಗಳಿವೆ. ಧೂಳು ಕೂತಂತೆ ವಿದ್ಯುತ್ ಎಷ್ಟು ಇಳಿಯುತ್ತದೆಂದು ಅಳೆಯುತ್ತೇವೆ. ಇದೇ ತಾರಸಿ ಕಂಪ್ಯೂಟರಿನೊಳಗೂ ಇದೆ, ಬರೀ ಸಮೀಕರಣಗಳಲ್ಲಿ. ಹೊರಗಿನ ಅಳತೆ ಗಂಟೆಗೊಮ್ಮೆ ಒಳಗೆ ಹೋಗುತ್ತದೆ, ಒಳಗಿನ ಮಾದರಿ ತನ್ನ ಊಹೆಯನ್ನು ತಿದ್ದಿಕೊಳ್ಳುತ್ತದೆ. ಎರಡೂ ಹೊಂದಿಕೊಂಡು ನಡೆದರೆ ಯೋಜನೆ ಮುಂದುವರಿಯುತ್ತದೆ, ಜತೆಗೆ ನನ್ನ ವೀಸಾ. ಇಲ್ಲವಾದರೆ ಊರು. ನಿಜ ಹೇಳುತ್ತೇನೆ, ಎಷ್ಟೋ ದಿನ ಹೊಂದದಿರಲಿ ಎಂದೇ ಆಸೆಪಟ್ಟಿದ್ದೆ. ಕರಾಮ ಬಡಾವಣೆಯಲ್ಲಿ ನನ್ನದು ಬೆಡ್‌ಸ್ಪೇಸ್, ಎಂದರೆ ಕೋಣೆಯೂ ಅಲ್ಲ, ಮಂಚವೊಂದೇ ಬಾಡಿಗೆಗೆ. ಕೆಳಗಿನ ಹೋಟೆಲಿನಲ್ಲಿ ನೀರುದೋಸೆ ಸಿಗುತ್ತದೆ. ತಿಂದರೆ ಮನೆಯ ನೆನಪು ಇನ್ನಷ್ಟು ಕಾಡುತ್ತದೆ.

ಉಪಕರಣ ನೋಡಿಕೊಳ್ಳಲು ಆ ವಾರವಷ್ಟೇ ಸೇರಿದ್ದ ಶೇಖರಣ್ಣ ಉಡುಪಿ ಕಡೆಯವರು. ಒಂದು ಬೆಳಿಗ್ಗೆ ಸೇವಂತಿಗೆ ಹಿಡಿದು ಬಂದರು.

“ಇವತ್ತು ಆಯುಧ ಪೂಜೆ ಅಲ್ವಾ ಮೇಡಂ. ಎಲ್ಲ ಒಮ್ಮೆ ತೊಳ್ದು ಹೂ ಇಡುವುದಾ?”

“ಇಡಿ ಮಾರಾಯ್ರೆ, ಅದಕ್ಕೂ ಕೇಳ್ಬೇಕಾ!”

ನನ್ನ ತಲೆಯಲ್ಲಿದ್ದದ್ದು ಏಣಿ, ಸ್ಪ್ಯಾನರ್. ಅವರು ಫಲಕಗಳನ್ನೂ ಬಿಡಲಿಲ್ಲ. ತೊಳೆಯಬಾರದೆಂದು ನಾನು ಹೇಳಿರಲೇ ಇಲ್ಲ. ತಿಂಗಳುಗಟ್ಟಲೆ ಕಾಯ್ದ ಧೂಳು ಚರಂಡಿ ಸೇರಿತು. ಮಧ್ಯಾಹ್ನ ವಿದ್ಯುತ್ ಒಮ್ಮೆಲೇ ಜಿಗಿಯಿತು, ಮಾದರಿ ಕಕ್ಕಾಬಿಕ್ಕಿಯಾಯಿತು.

“ನನ್ನ ಕೆಲ್ಸ ಹೋಯ್ತಾ ಮೇಡಂ?” ಶೇಖರಣ್ಣ ಕೇಳಿದರು.

ಸುಮ್ಮನಿದ್ದರೆ ಮಾದರಿಯೇ ಸರಿಯಿಲ್ಲವೆಂದು ಯೋಜನೆ ಮುಚ್ಚುತ್ತಿತ್ತು, ನಾನು ಊರಿಗೆ ಹೋಗುತ್ತಿದ್ದೆ. ಅವರೂ ಹೋಗುತ್ತಿದ್ದರು, ಆದರೆ ಅವರಿಗೆ ಹೋಗುವ ಮನಸ್ಸಿರಲಿಲ್ಲ. ನಮ್ಮ ಮುಖ್ಯಸ್ಥೆ, ಸುಡಾನಿನ ಡಾಕ್ಟರ್ ಸಲ್ಮಾ ಬಳಿ ಹೋಗಿ, “ತೊಳೆಯಲು ಹೇಳಿದ್ದು ನಾನೇ” ಎಂದೆ.

ಆಕೆ ತಾರಸಿಗೆ ಬಂದು ಫಲಕದ ಮೇಲಿನ ಹೂವನ್ನು ನೋಡಿ, “ಎಷ್ಟು ಗಂಟೆಗೆ ತೊಳೆದದ್ದು?” ಎಂದಷ್ಟೇ ಕೇಳಿದರು. ಆ ಗಳಿಗೆಯನ್ನು ಮಾದರಿಗೆ ಸೇರಿಸಿದೆವು. ಮೂರನೆಯ ದಿನಕ್ಕೆ ಒಳಗಿನ ತಾರಸಿ ಹೊರಗಿನದರ ಜತೆ ಮತ್ತೆ ಹೆಜ್ಜೆ ಹಾಕತೊಡಗಿತು. ಧೂಳು ಕದಿಯುವ ವಿದ್ಯುತ್ತಿಗೆ ತೊಳೆದಾಗಿನ ಆ ಜಿಗಿತಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. “ಖಲಾಸ್,” ಮುಗಿಯಿತು ಎಂದು ಸಲ್ಮಾ ನಕ್ಕರು. “ಇನ್ನೆರಡು ವರ್ಷ ನೀನು ಇಲ್ಲೇ.”

ಶೇಖರಣ್ಣ ಕೈಮುಗಿದರು. ನಾನು ಅಮ್ಮನಿಗೆ ಫೋನ್ ಮಾಡಿದೆ.

“ಹಬ್ಬಕ್ಕೆ ನಿನ್ನ ಸ್ಕೂಟಿ ತೊಳ್ದು ಹೂ ಇಟ್ಟಿದ್ದೇನೆ. ಯಾವಾಗ ಬರ್ತಿ?” ಎಂದಳು.

ಹೇಳಿದೆ.

“ಆಯ್ತು. ವಾರಕ್ಕೊಮ್ಮೆ ತೊಳೀತಾ ಇರ್ತೇನೆ, ಧೂಳು ಹಿಡಿಯುವುದು ಬೇಡ.”

ಫೋನಿಟ್ಟು ತಾರಸಿಗೆ ಹೋದೆ. ಫಲಕಗಳ ಮೇಲೆ ಆಗಲೇ ಹೊಸ ಧೂಳು ತೆಳ್ಳಗೆ ಕೂತಿತ್ತು. ಕೈಯನ್ನು ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತೆ.